‘ಬೇಕು’ ಎನ್ನಲು ಅಂಜುವವರು

ಭಾಲ್ಕಿಯ ಒಂದು ಮನೆಯಲ್ಲಿ ಹಿರಿಯ ಜೀವವೊಂದು ಅಗಲಿ ತಿಂಗಳು ತುಂಬಿದ ಸಂಜೆ, ಪ್ರಾರ್ಥನೆಗೆಂದು ನಾವು ಕೆಲವರು ಸೇರಿದ್ದೆವು. ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ಮೊಮ್ಮಗನು ಅಜ್ಜಿಯ ಭಾವಚಿತ್ರವಿರುವ ನೆನಪಿನ ಚೀಟಿಗಳನ್ನು ಅಲ್ಲಿಯೇ ಅಚ್ಚು ಹಾಕಿಸಿ ತಂದಿದ್ದನು. ಚೀಟಿಯ ಹಿಂಬದಿಯಲ್ಲಿ ಇಪ್ಪತ್ತಮೂರನೆಯ ಕೀರ್ತನೆಯ ಮೊದಲ ವಾಕ್ಯ ಇಂಗ್ಲಿಷಿನಲ್ಲಿತ್ತು. ಜಪಸರ ಮುಗಿದು ಚಹಾ ಬರುವ ಹೊತ್ತಿಗೆ, ಹತ್ತನೆಯ ತರಗತಿಯಲ್ಲಿ ಓದುವ ಆ ಮನೆಯ ಹುಡುಗಿ ಚೀಟಿಯನ್ನು ಕೈಯಲ್ಲಿ ಹಿಡಿದು ಕೇಳಿದಳು: “ದೇವರು ಕುರುಬನ್ಹಂಗ ನಮ್ಮನ್ನ ಕಾಯ್ತಾನ ಅಂತ ಮೊದಲು ಹೇಳಿ, ಅದರ ಬೆನ್ನಿಗೇ ‘ನನಗ ಬ್ಯಾಡ’ ಅಂತ ಯಾಕ ಹೇಳ್ಯಾರ?”

ಕೆಲವರು ನಕ್ಕರು. ಹುಡುಗಿಯ ತಂದೆಗೆ ಸಂಕೋಚವಾಯಿತು. ಆದರೆ ಅವಳ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ‘ವಾಂಟ್’ ಎಂದರೆ ಬೇಕು, ಅದರ ಹಿಂದೆ ‘ನಾಟ್’ ಬಂದರೆ ಬೇಡ ಎಂದು ಶಾಲೆಯಲ್ಲಿ ಕಲಿಸಿದ್ದಾರೆ. ಕಲಿತದ್ದನ್ನು ನಂಬಿ ಓದಿದ ಮಗುವಿಗೆ ದಾವೀದರಸನು ತನ್ನ ಕುರುಬನನ್ನೇ ಬೇಡವೆನ್ನುವಂತೆ ಕಂಡಿದೆ. ಎಷ್ಟೋ ಅಂತ್ಯಕ್ರಿಯೆಗಳಲ್ಲಿ ಅದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಕೇಳಿ ತಲೆಯಾಡಿಸಿದ ನಾವು ಒಮ್ಮೆಯೂ ಹೀಗೆ ಕೇಳಿರಲಿಲ್ಲವೆಂಬುದೇ ಸೋಜಿಗ.

ಈ ‘ವಾಂಟ್’ ಮೂಲತಃ ಇಂಗ್ಲಿಷರ ಮನೆಯ ಮಾತಲ್ಲ. ಯುರೋಪಿನ ಉತ್ತರ ತುದಿಯ ಸ್ಕ್ಯಾಂಡಿನೇವಿಯದ ಜನರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯಿಂದ, ಸುಮಾರು ಎಂಟು ನೂರು ವರ್ಷಗಳ ಹಿಂದೆ ಅದು ಇಂಗ್ಲಿಷಿಗೆ ಬಂದಿತು. ಆಗ ಅದಕ್ಕೆ ಆಸೆಯ ಅರ್ಥವೇ ಇರಲಿಲ್ಲ. ಇಲ್ಲದಿರುವುದು, ಕಡಿಮೆ ಬೀಳುವುದು, ಕೊರತೆಯಾಗುವುದು ಎಂಬಷ್ಟೇ ಅರ್ಥ. ಕುದುರೆಯ ಲಾಳಕ್ಕೆ ಒಂದು ಮೊಳೆ ಇಲ್ಲದೆ ಕೊನೆಗೆ ರಾಜ್ಯವೇ ಕೈಬಿಟ್ಟು ಹೋದ ಕತೆಯನ್ನು ನಮ್ಮ ಮಕ್ಕಳು ಇಂಗ್ಲಿಷ್ ಪದ್ಯವಾಗಿ ಬಾಯಿಪಾಠ ಮಾಡುತ್ತಾರಲ್ಲ, ಅಲ್ಲಿಯೂ ಇದೇ ಮಾತು ಇದೇ ಅರ್ಥದಲ್ಲಿದೆ. ಇಲ್ಲದ್ದನ್ನು ಮನಸ್ಸು ಬಯಸುವುದು ಸಹಜವಾದುದರಿಂದ, ಇಲ್ಲದಿರುವುದನ್ನು ಹೇಳುತ್ತಿದ್ದ ಮಾತು ಮೆಲ್ಲನೆ ಬಯಸುವುದನ್ನು ಹೇಳತೊಡಗಿತು. ಹದಿನೆಂಟನೆಯ ಶತಮಾನದಿಂದೀಚೆಗೆ ಈ ಎರಡನೆಯ ಅರ್ಥವೇ ಬೆಳೆದು, ಈಗ ಮೊದಲನೆಯದು ಹಳೆಯ ಪುಸ್ತಕಗಳಲ್ಲಿಯೂ ಪ್ರಾರ್ಥನೆಗಳಲ್ಲಿಯೂ ಮಾತ್ರ ಉಳಿದುಕೊಂಡಿದೆ.

1611ರ ಕಿಂಗ್ ಜೇಮ್ಸ್ ಬೈಬಲನ್ನು ತೆರೆದರೆ, ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋದುದನ್ನು ಹೇಳುವಾಗಲೂ ಇದೇ ಕ್ರಿಯಾಪದ ಬಂದಿದೆ. ಇಂದಿನ ಇಂಗ್ಲಿಷ್ ಮಾತ್ರ ಬಲ್ಲವನು ಅದನ್ನು ಓದಿದರೆ, ಮದುವೆಯ ಜನರು ಇನ್ನಷ್ಟು ಕುಡಿಯಬೇಕೆಂದು ಹಟ ಹಿಡಿದರೆಂದು ತಿಳಿದಾನು! ದೂರದೇಶದಲ್ಲಿ ಎಲ್ಲವನ್ನೂ ಕಳೆದುಕೊಂಡ ಕಿರಿಯ ಮಗನ ಸಾಮತಿಯಲ್ಲಿ, ಬರಗಾಲ ಬಂದು ಅವನು ಸಿಕ್ಕಿಕೊಂಡ ಸ್ಥಿತಿಗೂ ಇದೇ ಹೆಸರು. ಕೀರ್ತನೆಯಲ್ಲಿರುವುದೂ ಅದೇ. ಕುರುಬನು ಕಾಯುತ್ತಿರುವುದರಿಂದ ಕೊರತೆಯಾಗದು ಎಂಬುದು ಅದರ ಭಾವ. ನಮ್ಮ ಕನ್ನಡ ಬೈಬಲಿನಲ್ಲಿ ‘ಕೊರತೆ’ ಎಂಬ ಮಾತೇ ಇರುವುದರಿಂದ ಕನ್ನಡದಲ್ಲಿ ಓದಿದವರಿಗೆ ಈ ತೊಡಕು ಬರುವುದಿಲ್ಲ. ನೆನಪಿನ ಚೀಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ್ದರೆ ಆಗುತ್ತಿರಲಿಲ್ಲವೆ ಎಂದು ನಾವು ಮನಸ್ಸಿನಲ್ಲೇ ಗೊಣಗಿಕೊಂಡದ್ದು ಬೇರೆಯ ವಿಷಯ.

ಕಳೆದ ಶತಮಾನದಲ್ಲಿಯೂ ಈ ಹಳೆಯ ಅರ್ಥ ಒಮ್ಮೆ ದೊಡ್ಡ ಧ್ವನಿಯಲ್ಲಿ ಕೇಳಿಬಂದಿತ್ತು. 1941ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರು ಮನುಷ್ಯರೆಲ್ಲರಿಗೂ ಸಲ್ಲಬೇಕಾದ ನಾಲ್ಕು ಸ್ವಾತಂತ್ರ್ಯಗಳನ್ನು ಹೆಸರಿಸಿದಾಗ ‘ವಾಂಟ್’ನಿಂದ ಬಿಡುಗಡೆ ಅವುಗಳಲ್ಲೊಂದಾಗಿತ್ತು. ಮರುವರ್ಷ ಇಂಗ್ಲೆಂಡಿನ ಬೆವರಿಜ್ ವರದಿಯು ಸಮಾಜ ಸೋಲಿಸಬೇಕಾದ ಐವರು ದೈತ್ಯರಲ್ಲಿ ಇದನ್ನೂ ಎಣಿಸಿತು. ಈ ಮಾತನ್ನು ‘ಬಯಕೆಯಿಂದ ಬಿಡುಗಡೆ’ ಎಂದು ಅನುವಾದಿಸಿದ ವಿದ್ಯಾರ್ಥಿಯ ಕೈಯಲ್ಲಿ ರೂಸ್‌ವೆಲ್ಟರು ಗೌತಮ ಬುದ್ಧರಾಗಿಬಿಡುತ್ತಾರೆ. ಹಸಿದವನಿಗೆ ಅನ್ನ ಸಿಗಬೇಕು ಎಂಬುದು ಒಂದು ಮಾತು. ಹಸಿದವನು ಅನ್ನದ ಆಸೆಯನ್ನೇ ಬಿಡಬೇಕು ಎಂಬುದು ಇನ್ನೊಂದು. ಈ ಎರಡರ ನಡುವೆ ಎಡವಿದರೆ ನಷ್ಟವಾಗುವುದು ಹಸಿದವನಿಗೇ.

ಅದಿರಲಿ. ಇಂಗ್ಲಿಷಿನವರು ತಮ್ಮ ಮಾತಿನಿಂದ ಏನಾದರೂ ಮಾಡಿಕೊಳ್ಳಲಿ, ನಮ್ಮ ಮಾತುಗಳೇನು ಹೇಳುತ್ತವೆ? ಬೀದರಿನ ಚೌಬಾರಾದ ಸುತ್ತಲಿನ ಅಂಗಡಿಗಳಲ್ಲಿ ಒಂದು ಗಳಿಗೆ ನಿಂತರೆ ಸಾಕು. ಅಂಗಡಿಯವನು “ಆಪ್‌ಕು ಕ್ಯಾ ಹೋನಾ?” ಎಂದು ಕೇಳುತ್ತಾನೆ. ಉತ್ತರದ ಉರ್ದು ಬಲ್ಲವರು ಅಲ್ಲಿ ‘ಚಾಹಿಯೇ’ ಎನ್ನುತ್ತಿದ್ದರು. ನಮ್ಮ ದಖನಿಯವರಿಗೆ ‘ಹೋನಾ’. ಬೇಡವಾದರೆ ‘ನಕ್ಕೋ’. ಈ ‘ನಕ್ಕೋ’ ಮರಾಠಿಯ ‘ನಕೋ’ದಿಂದ ಬಂದದ್ದು. ಔರಾದದ ಸಂತೆಯಲ್ಲಿ, ಗಡಿಯಾಚೆಯ ಉದಗೀರ, ದೇಗಲೂರಿನ ಕಡೆಯವರು “ಮಲಾ ಪಾಹಿಜೆ” ಎನ್ನುತ್ತಾರೆ. ಪೂರ್ವದ ಗಡಿಯಿಂದ ಬಂದ ತೆಲುಗರು “ನಾಕು ಕಾವಾಲಿ” ಎನ್ನುತ್ತಾರೆ. ನಮ್ಮವರು “ನನಗ ಬೇಕ್ರಿ” ಎನ್ನುತ್ತಾರೆ. ಮಂಗಳೂರು ಕಡೆಯಿಂದ ಇಲ್ಲಿಗೆ ಸೇವೆಗೆ ಬಂದ ಧರ್ಮಭಗಿನಿಯರು ತಮ್ಮತಮ್ಮಲ್ಲಿ ಕೊಂಕಣಿಯಲ್ಲಿ “ಮ್ಹಾಕಾ ಜಾಯ್” ಎಂದುಕೊಳ್ಳುವುದನ್ನೂ ಕೇಳಿದ್ದೇವೆ.

ಐದು ಭಾಷೆ, ಆದರೆ ಮಾತಿನ ಕಟ್ಟು ಒಂದೇ. ‘ನನಗೆ’, ‘ಮಲಾ’, ‘ಮೇರೆಕು’, ‘ನಾಕು’, ‘ಮ್ಹಾಕಾ’. ಬೇಕೆನ್ನುವವನು ಎಲ್ಲಿಯೂ ವಾಕ್ಯದ ಒಡೆಯನಾಗಿ ಮುಂದೆ ನಿಲ್ಲುವುದಿಲ್ಲ. ಕೊಡುವುದನ್ನು ಪಡೆಯುವವನ ವಿಭಕ್ತಿಯಾದ ಚತುರ್ಥಿಯಲ್ಲಿ, ಕೈಯೊಡ್ಡಿದಂತೆ ಒಂದು ಬದಿಗೆ ನಿಲ್ಲುತ್ತಾನೆ. ‘ನನಗೆ ಹಸಿವೆ’, ‘ನನಗೆ ಜ್ವರ’, ‘ನನಗೆ ಬೇಕು’ ಮೂರೂ ಒಂದೇ ಸಾಲಿನವು. ಇಂಗ್ಲಿಷಿನ ‘ಐ ವಾಂಟ್’ನಲ್ಲಾದರೆ ‘ನಾನು’ ಎಂಬುದೇ ಮುಂದೆ ನಿಂತು ಕೈಚಾಚುತ್ತದೆ. ನಮ್ಮಲ್ಲಿ ‘ನಾನು ಬಯಸುತ್ತೇನೆ’ ಎಂಬ ವಾಕ್ಯ ಇಲ್ಲವೆಂದಲ್ಲ, ಆದರೆ ಹಾಗೆಂದು ಯಾರೂ ಅಂಗಡಿಯಲ್ಲಿ ಬೆಲ್ಲ ಕೊಳ್ಳುವುದಿಲ್ಲ. ಕುತೂಹಲದ ಮಾತೆಂದರೆ, ಸಂತ ಜೆರೋಮರ ಲತೀನ್ ಕೀರ್ತನೆಯಲ್ಲಿಯೂ ಕುರುಬನನ್ನು ಕೊಂಡಾಡುವ ಆ ವಾಕ್ಯದಲ್ಲಿ ಕೀರ್ತನಕಾರನು ‘ನನಗೆ’ ಎಂದೇ, ಚತುರ್ಥಿಯಲ್ಲಿಯೇ, ಹೇಳಿಕೊಂಡಿದ್ದಾನೆ. ರೋಮಿನ ಮಾತೂ ಚೌಬಾರಾದ ಮಾತೂ ಈ ಒಂದು ವಿಷಯದಲ್ಲಿ ನೆಂಟರು.

ಇದನ್ನು ಹೇಳಿ ನಮ್ಮ ಭಾಷೆಗಳು ವಿನಯದ ಭಾಷೆಗಳೆಂದು ಬೆನ್ನು ತಟ್ಟಿಕೊಳ್ಳುವುದು ಸುಲಭ. ನಮಗೆ ಆ ಉತ್ಸಾಹವಿಲ್ಲ. ಏಕೆಂದರೆ ನಮ್ಮ ‘ಬೇಕು’ವಿನೊಳಗೆ ಇನ್ನೊಂದು ತೊಡಕಿದೆ. ಇಂಗ್ಲಿಷಿನವರು ಅಗತ್ಯಕ್ಕೆ ಒಂದು ಮಾತು, ಆಸೆಗೆ ಒಂದು, ಕರ್ತವ್ಯಕ್ಕೆ ಮತ್ತೊಂದು ಇಟ್ಟುಕೊಂಡಿದ್ದಾರೆ. ನಾವು ಮೂರನ್ನೂ ಒಂದೇ ಚೀಲದಲ್ಲಿ ತುಂಬಿದ್ದೇವೆ. ‘ಮಗುವಿಗೆ ಹಾಲು ಬೇಕು’, ‘ಹುಡುಗನಿಗೆ ಮೋಟಾರ್ ಸೈಕಲ್ ಬೇಕು’, ‘ಭಾನುವಾರ ಬಲಿಪೂಜೆಗೆ ಹೋಗಬೇಕು’ ಎಂಬ ಮೂರರಲ್ಲಿಯೂ ಇರುವುದು ಅದೇ ಎರಡಕ್ಷರ. ಆಸೆಯು ಅಗತ್ಯದ ವೇಷ ಹಾಕಿಕೊಂಡು ಬರುವುದಕ್ಕೂ, ಒಬ್ಬರ ಆಸೆ ಇನ್ನೊಬ್ಬರ ಕರ್ತವ್ಯವಾಗಿಬಿಡುವುದಕ್ಕೂ ಇಷ್ಟು ಅನುಕೂಲವಾದ ಮಾತು ಬೇರೊಂದಿಲ್ಲ.

‘ನೀನು ಡಾಕ್ಟರ್ ಆಗಬೇಕು’ ಎಂದು ತಂದೆ ಮಗನಿಗೆ ಹೇಳುತ್ತಾನೆ. ಈ ‘ಬೇಕು’ ಯಾರದು? ಮಗನದೋ, ತಂದೆಯದೋ, ಎದುರು ಮನೆಯವರ ಮಗ ಆಗಿದ್ದಾನೆಂಬ ಸಂಕಟದ್ದೋ? ‘ನಮ್ಮ ಮನೆಯಿಂದ ಒಬ್ಬನಾದರೂ ಗುರುವಾಗಬೇಕು’ ಎಂಬುದು ಭಕ್ತಿಯುಳ್ಳ ಕುಟುಂಬಗಳಲ್ಲಿ ನಾವೆಲ್ಲ ಕೇಳಿದ ಮಾತು. ಸದ್ಭಾವನೆಯ ಮಾತೇ ಹೌದು. ಆದರೆ ಕರೆ ಬರಬೇಕಾದುದು ಮೇಲಿನಿಂದ, ಪಡಸಾಲೆಯಿಂದಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ‘ಮದುವೆ ಮಾಡಬೇಕು’ ಎಂಬ ಕ್ರಿಯೆಯಲ್ಲಿ ಮದುವೆಯಾಗುವವಳೇ ಇರುವುದಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯು 1057ನೆಯ ವಿಧಿಯಲ್ಲಿ, ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿಯೇ, ಅದನ್ನು ಅವರ ಪರವಾಗಿ ಜಗತ್ತಿನ ಬೇರಾವ ಶಕ್ತಿಯೂ ಕೊಡಲಾರದು ಎಂದು ಸ್ಪಷ್ಟಪಡಿಸಿದೆ. ಪೀಠದ ಮುಂದೆ ಗುರುಗಳು ಅವರಿಬ್ಬರನ್ನು ಸ್ವಂತ ಇಚ್ಛೆಯಿಂದ ಬಂದಿದ್ದೀರಾ ಎಂದು ಕೇಳುವುದು ಇದಕ್ಕಾಗಿಯೇ. ಲಗ್ನಪತ್ರಿಕೆ ಹಂಚಿ, ಶಾಮಿಯಾನ ಹಾಕಿ, ನೆಂಟರು ಬಂದು ಕುಳಿತ ಮೇಲೆ ಜೀವನದಲ್ಲಿ ಮೊದಲ ಬಾರಿಗೆ ಆ ಪ್ರಶ್ನೆ ಕೇಳಿಸಿಕೊಳ್ಳುವ ಹುಡುಗಿ ಏನು ಉತ್ತರ ಹೇಳಬೇಕೆಂದು ನಾವು ನಿರೀಕ್ಷಿಸುತ್ತೇವೆ?

ಇನ್ನು ‘ಬೇಡ’ ಎಂಬುದರ ಚಮತ್ಕಾರವನ್ನು ನೋಡಬೇಕಾದರೆ ಮದುವೆಯ ಮಾತುಕತೆಯಲ್ಲಿ ಕುಳಿತುಕೊಳ್ಳಬೇಕು. “ನಮಗೇನೂ ಬ್ಯಾಡ್ರಿ, ದೇವರು ಕೊಟ್ಟಾನ. ನಿಮ್ಮ ಮಗಳಿಗಿ ನೀವು ಏನು ಕೊಡ್ತೀರಿ, ಅದು ನಿಮ್ಮಿಚ್ಛಾ” ಎನ್ನುತ್ತಾರೆ. ಹೆಣ್ಣಿನ ತಂದೆಯ ಎದೆ ಒಡೆಯುವುದು ಈ ಮಾತಿಗೆ. ಇಷ್ಟು ತೊಲ ಬಂಗಾರ, ಇಷ್ಟು ಹಣ ಎಂದು ಬಾಯಿಬಿಟ್ಟು ಕೇಳಿದ್ದರೆ ಆಗದು ಎನ್ನಬಹುದಿತ್ತು. ಎದ್ದು ಹೊರಗೆ ಬರಬಹುದಿತ್ತು. 1961ರ ವರದಕ್ಷಿಣೆ ನಿಷೇಧ ಕಾಯಿದೆಯನ್ನಾದರೂ ನೆನಪಿಸಬಹುದಿತ್ತು. ‘ಬೇಡ’ ಎಂದವರಿಗೆ ಏನು ಹೇಳುವುದು? ಆಡದೆ ಬಿಟ್ಟ ಆ ಬೇಡಿಕೆಗೆ ತಕ್ಕಂತೆ ತಾನೇ ಲೆಕ್ಕ ಹಾಕಿ, ಕಡಿಮೆಯಾದೀತೆಂದು ಹೆದರಿ, ಸಾಲ ಮಾಡಿ ಕೊಡುತ್ತಾನೆ. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಈ ಪಿಡುಗಿಲ್ಲವೆಂದು ವೇದಿಕೆಯ ಮೇಲೆ ಹೇಳುವವರು ಒಮ್ಮೆ ಮನೆಯೊಳಗಿನ ಟ್ರಂಕಿನ ಲೆಕ್ಕವನ್ನು ನೋಡಲಿ.

ಬಯಸುವುದೇ ಪಾಪವೆಂದು ನಾವು ಮಕ್ಕಳಿಗೆ ಕಲಿಸಿರುವುದೇ ಈ ಕಳ್ಳತನಕ್ಕೆ ಮೂಲವೆಂದು ನಮಗೆ ಅನಿಸುತ್ತದೆ. ‘ಅತಿ ಆಸೆ ಗತಿ ಕೇಡು’ ಎಂಬ ಗಾದೆಯಲ್ಲಿ ‘ಅತಿ’ ಎಂಬುದನ್ನು ನುಂಗಿ ಉಳಿದುದನ್ನು ಮಾತ್ರ ಹೇಳುತ್ತೇವೆ. ಹತ್ತನೆಯ ದೈವಾಜ್ಞೆಯನ್ನೂ ಹಾಗೆಯೇ ಮೊಟಕುಮಾಡಿ, ಆಸೆಪಡಬೇಡ ಎಂಬಲ್ಲಿಗೆ ನಿಲ್ಲಿಸುತ್ತೇವೆ. ಆಜ್ಞೆ ಇರುವುದು ನೆರೆಯವನ ಸೊತ್ತಿನ ಬಗ್ಗೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2535ನೆಯ ಪರಿಚ್ಛೇದದಲ್ಲಿ, ಹಸಿದಾಗ ಊಟವನ್ನೂ ಚಳಿಯಾದಾಗ ಬೆಚ್ಚಗಿರುವುದನ್ನೂ ಬಯಸುವಂಥ ಆಸೆಗಳು ತಮ್ಮಷ್ಟಕ್ಕೆ ಒಳ್ಳೆಯವೇ ಎಂದು ಒಪ್ಪಿಕೊಂಡಿದೆ. ವಿವೇಕದ ಎಲ್ಲೆ ಮೀರಿ ಪರರಿಗೆ ಸಲ್ಲಬೇಕಾದುದರ ಮೇಲೆ ಕಣ್ಣು ಹಾಕುವುದನ್ನು ಮಾತ್ರ ತಪ್ಪೆಂದಿದೆ. ಲೊಯೋಲದ ಸಂತ ಇಗ್ನಾಸಿಯವರು ಇನ್ನೂ ಮುಂದೆ ಹೋಗುತ್ತಾರೆ. 1548ರಲ್ಲಿ ಅಚ್ಚಾದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕದಲ್ಲಿ, ಪ್ರತಿಯೊಂದು ಧ್ಯಾನಕ್ಕೆ ತೊಡಗುವ ಮುನ್ನ ಸಾಧಕನು ತನಗೆ ಬೇಕಾದುದೇನೆಂದು ಗುರುತಿಸಿ ಅದನ್ನು ದೇವರಲ್ಲಿ ಕೇಳಿಕೊಳ್ಳಬೇಕೆಂಬ ನಿಯಮವಿದೆ. ಬಯಕೆಯನ್ನು ಬಾಗಿಲ ಹೊರಗೆ ಬಿಟ್ಟು ಬಾ ಎಂದು ಅವರು ಹೇಳಲಿಲ್ಲ.

ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿದರೆ ಒಂದು ವಿಶೇಷ ಕಾಣುತ್ತದೆ. ಅಲ್ಲಿ ಯೇಸುಸ್ವಾಮಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾರೆ. ನಿಮಗೆ ನನ್ನಿಂದ ಏನಾಗಬೇಕು ಎಂಬುದೇ ಆ ಪ್ರಶ್ನೆ. ಮೊದಲು ಕೇಳಿದ್ದು ಯಕೋಬ ಮತ್ತು ಯೊವಾನ್ನರನ್ನು. ಅವರು ಮಹಿಮೆಯ ಸಿಂಹಾಸನದ ಎಡಬಲದ ಸ್ಥಾನಗಳನ್ನು ಕೇಳಿದರು. ಸ್ವಲ್ಪ ಹೊತ್ತಿನಲ್ಲಿಯೇ ಜೆರಿಕೋ ಊರಿನ ಹಾದಿಯಲ್ಲಿ ಕುರುಡ ಭಿಕ್ಷುಕ ಬಾರ್ತಿಮಾಯನಿಗೆ ಅದೇ ಪ್ರಶ್ನೆ. ಸುಮ್ಮನಿರು ಎಂದು ಜನರು ಗದರಿಸುತ್ತಿದ್ದರೂ ಕೂಗಿ ಕರೆದವನು ಅವನು. ಕುರುಡನಿಗೆ ಬೇಕಾದುದೇನೆಂದು ಯಾರಿಗೆ ಗೊತ್ತಿರಲಿಲ್ಲ? ಆದರೂ ಅವನ ಬಾಯಿಂದಲೇ ಕೇಳಿಸಿಕೊಂಡರು. ಅವನು ಕಣ್ಣು ಬೇಕೆಂದನು. ಮೊದಲನೆಯದು ಬಯಕೆ, ಎರಡನೆಯದು ಕೊರತೆ. ಎರಡಕ್ಕೂ ಬಾಯಿ ತೆರೆಯಲು ಅವಕಾಶ ಸಿಕ್ಕಿತು. ಶಿಷ್ಯರು ಆ ಆಸೆಯನ್ನು ಮುಚ್ಚಿಟ್ಟಿದ್ದರೆ ಅದನ್ನು ತಿದ್ದುವ ಅವಕಾಶವೇ ಬರುತ್ತಿರಲಿಲ್ಲ.

ಇದೇ ಪ್ರಸಂಗವನ್ನು ಸಂತ ಮತ್ತಾಯನು ಬರೆಯುವಾಗ, ಆ ಸ್ಥಾನಗಳನ್ನು ಕೇಳಿದವಳು ಆ ಇಬ್ಬರ ತಾಯಿ. ಅವಳು ಕೇಳಿದ್ದು ತನಗಾಗಿ ಅಲ್ಲ, ಮಕ್ಕಳಿಗಾಗಿ. ನಮ್ಮೂರಿನ ಯಾವ ತಾಯಿಯನ್ನಾದರೂ ಅಲ್ಲಿ ನಿಲ್ಲಿಸಬಹುದು.

ತಾಯಂದಿರ ಮಾತು ಬಂದುದರಿಂದ ಮೂವತ್ತನೆಯ ದಿನದ ಆ ಸಂಜೆಗೆ ಮರಳಬೇಕಾಗಿದೆ. ಹುಡುಗಿಯ ಪ್ರಶ್ನೆಗೆ ನಾವು ತೋಚಿದಷ್ಟು ಉತ್ತರ ಹೇಳಿದೆವು. ಆಮೇಲೆ ಮಾತು ತಾನಾಗಿಯೇ ತೀರಿಹೋದ ಆಯಿಯ ಕಡೆಗೆ ಹೊರಳಿತು. ಆಕೆಯ ಸೊಸೆ ಒಂದು ಮಾತು ಹೇಳಿದರು: “ನಮ್ಮ ಅತ್ತಿ ‘ನನಗ ಇದು ಬೇಕು’ ಅಂದದ್ದು ನಾ ಒಂದಿನಾನೂ ಕೇಳಿಲ್ಲ.” ಹೊಗಳಿಕೆಯಾಗಿಯೇ ಹೇಳಿದರು. ಕುಳಿತ ಹೆಂಗಸರೆಲ್ಲ ತಲೆಯಾಡಿಸಿದರು. ಯೋಚಿಸಿದರೆ ಆಕೆ ಮಾತ್ರವಲ್ಲ, ಆ ತಲೆಮಾರಿನ ಹೆಣ್ಣುಮಕ್ಕಳು ಯಾರೂ ಹಾಗೆ ಹೇಳುತ್ತಿರಲಿಲ್ಲ. ‘ಎಣ್ಣಿ ತೀರೇದ’, ‘ಜೋಳ ನಾಳಿಗಿ ಆಗ್ತಾವ’, ‘ಹುಡುಗನ ಅಂಗಿ ಹರದದ’ ಎನ್ನುತ್ತಿದ್ದರು. ಕೊರತೆಯನ್ನು ಸುದ್ದಿಯಂತೆ ಹೇಳುವುದು, ಕೇಳಿದವರು ಅರ್ಥಮಾಡಿಕೊಂಡರೆ ಸರಿ, ಇಲ್ಲದಿದ್ದರೆ ಇಲ್ಲ. ಕಾನಾದ ಮದುವೆಯಲ್ಲಿ ಮಾತೆ ಮರಿಯಮ್ಮನವರು ಮಗನಿಗೆ ಹೇಳಿದುದೂ ಇದೇ ಬಗೆಯ ಮಾತು. ರಸವಿಲ್ಲವೆಂದರು, ಅಷ್ಟೆ. ಏನು ಮಾಡಬೇಕೆಂದು ಹೇಳಲಿಲ್ಲ. ಆದರೆ ಅವರು ಹೇಳಿದ್ದು ಅರ್ಥಮಾಡಿಕೊಳ್ಳುವ ಮಗನಿಗೆ. ನಮ್ಮ ಮನೆಗಳ ಗಂಡಸರೆಲ್ಲ ಆ ಕಿವಿಯವರೆಂದು ಎದೆ ಮುಟ್ಟಿ ಹೇಳಬಲ್ಲೆವೆ?

ನಮ್ಮ ಸಮಾಜ ಹೆಣ್ಣನ್ನು ‘ನಿನಗೇನು ಬೇಕು’ ಎಂದು ಮನಸಾರೆ ಕೇಳುವುದು ಅವಳು ಬಸುರಿಯಾದಾಗ ಮಾತ್ರ. ಆಗ ಅದಕ್ಕೆ ‘ಬಯಕೆ’ ಎಂಬ ಚೆಂದದ ಹೆಸರಿದೆ. ಮರಾಠಿಯವರು ‘ಡೋಹಾಳೆ’ ಎನ್ನುತ್ತಾರೆ. ಹುಣಸೆಕಾಯಿ ಬೇಕೆಂದರೆ ಹುಣಸೆಕಾಯಿ, ಮಾವಿನಕಾಯಿ ಬೇಕೆಂದರೆ ಮಾವಿನಕಾಯಿ. ಹಸಿರು ಬಳೆ ಇಡಿಸಿ, ಕುಬುಸ ಮಾಡಿ, ಅಕ್ಕಪಕ್ಕದವರೆಲ್ಲ ತಾಟು ತುಂಬಿ ತಂದು ಉಣ್ಣಿಸುತ್ತಾರೆ. ಬಯಕೆ ತೀರದಿದ್ದರೆ ಹುಟ್ಟುವ ಮಗುವಿಗೆ ಕೇಡೆಂಬ ನಂಬಿಕೆ ಬೇರೆ. ಅಂದರೆ ಆಗಲೂ ಕೇಳುವುದು ಹೆಚ್ಚಾಗಿ ಒಳಗಿರುವ ಮಗುವಿಗಾಗಿಯೇ. ಹೆರಿಗೆಯಾದ ಮರುದಿನದಿಂದ ಅವಳ ಬಯಕೆಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಮುಂದಿನ ಐವತ್ತು ವರ್ಷ ‘ಎಣ್ಣಿ ತೀರೇದ’.

ಆಯಿಗೆ ಏನು ಬೇಕಿತ್ತು? ಸೊಸೆಗೆ ಗೊತ್ತಿರಲಿಲ್ಲ. ಮಗನಿಗೂ ಗೊತ್ತಿರಲಿಲ್ಲ. ಒಮ್ಮೆ ಸಮುದ್ರ ನೋಡಬೇಕೆಂದು ಯಾವಾಗಲೋ ಹೇಳಿದ್ದಳೆಂದು ಮೊಮ್ಮಗನು ನೆನಪಿಸಿಕೊಂಡನು. ಅವಳು ನೋಡಿದ ದೊಡ್ಡ ನೀರು ಕಾರಂಜಾ ಜಲಾಶಯದ್ದು ಮಾತ್ರ.

ಬಡವರ ವಿಷಯದಲ್ಲಿಯೂ ನಾವು ಹೀಗೆಯೇ ನಡೆದುಕೊಂಡಿದ್ದೇವೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ಅಂದಿನ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಆ ಪಟ್ಟಿಯಲ್ಲಿ ಔರಾದವೂ ಇತ್ತು, ಭಾಲ್ಕಿಯೂ ಇತ್ತು. ಇಂಗ್ಲಿಷಿನ ಹಳೆಯ ಅರ್ಥದ ‘ವಾಂಟ್’ ಎಂದರೇನೆಂದು ತಿಳಿಯಬೇಕಾದರೆ ಔರಾದದ ಹಳ್ಳಿಗಳಲ್ಲಿ ಬೀಗ ಹಾಕಿದ ಮನೆಗಳನ್ನು ನೋಡಿದರೆ ಸಾಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ಜನರು ಹೈದರಾಬಾದಿಗೂ ಪುಣೆಗೂ ಕೂಲಿಗೆ ಹೋಗುತ್ತಾರೆ. ಅಂಥ ಹಳ್ಳಿಗಳಿಗೆ ಕ್ರಿಸ್‌ಮಸ್ ಹೊತ್ತಿಗೆ ಬಟ್ಟೆ ಹಂಚಲು ಹೋದವರಲ್ಲಿ ನಾವೂ ಇದ್ದೆವು. “ನಿಮಗೇನು ಬೇಕು?” ಎಂದು ಕೇಳಿದೆವು. “ಕಂಬಳಿ ಬೇಕ್ರಿ” ಎಂದರು. ನಮ್ಮ ಜೀಪಿನಲ್ಲಿದ್ದುದು ಕಂಬಳಿಗಳೇ. ಬಡವನು ಕೇಳುವವನ ಕೈಯಲ್ಲಿರುವುದನ್ನು ನೋಡಿ ತನ್ನ ‘ಬೇಕು’ವನ್ನು ಅಳೆದುಕೊಳ್ಳುತ್ತಾನೆ. ಹೊರಡುವಾಗ ಒಬ್ಬ ಹೆಣ್ಣುಮಗಳು ಮೆಲ್ಲನೆ, ಊರಿಗೆ ಬರುವ ಬಸ್ಸು ನಿಂತು ಎರಡು ತಿಂಗಳಾಯಿತು, ಮಕ್ಕಳು ಶಾಲೆ ಬಿಟ್ಟಿದ್ದಾರೆ ಎಂದಳು. ಇದೂ ಸುದ್ದಿಯಂತೆಯೇ. ನಾವು ಅದನ್ನು ಸುದ್ದಿಯೆಂದೇ ಕೇಳಿ ಜೀಪು ಹತ್ತಿದೆವು. ಅದು ಅವಳ ‘ಬೇಕು’ ಎಂದು ಹೊಳೆಯಲು ಬೀದರ ಮುಟ್ಟಬೇಕಾಯಿತು.

ಎಲ್ಲರೂ ಸೇರಿದಾಗ ಮಾತ್ರ ನಮ್ಮವರಿಗೆ ಈ ಅಂಜಿಕೆಯಿಲ್ಲ. ‘ಬೇಕೇ ಬೇಕು, ನ್ಯಾಯ ಬೇಕು’ ಎಂಬ ಕೂಗನ್ನು ಕಚೇರಿಗಳ ಮುಂದೆ ಯಾರು ಕೇಳಿಲ್ಲ? ಈ ಭಾಗದ ಜನರು ದಶಕಗಳ ಕಾಲ ಹಾಗೆ ಕೂಗಿದ್ದರಿಂದಲೇ 2012ರ 98ನೆಯ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ 371(ಜೆ) ವಿಧಿ ಸೇರಿತು. ನಮ್ಮ ಮಕ್ಕಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಸ್ಥಾನಗಳು ದೊರೆತವು. ಕೊರತೆಯನ್ನು ಕೇವಲ ಸುದ್ದಿಯಾಗಿ ಹೇಳುತ್ತ ಕುಳಿತಿದ್ದರೆ ಅದು ವರದಿಗಳಲ್ಲಿಯೇ ಉಳಿಯುತ್ತಿತ್ತು. ಬೀದಿಯಲ್ಲಿ ಇಷ್ಟು ಗಟ್ಟಿಯಾಗಿ ‘ಬೇಕು’ ಎಂದವರೇ ಮನೆಗೆ ಮರಳಿ ಮಗಳು ಅದೇ ಮಾತೆತ್ತಿದರೆ ಎದುರು ಮಾತಾಡಬೇಡ ಎನ್ನುತ್ತಾರೆ ಎಂಬುದನ್ನೂ ಇಲ್ಲಿ ಬರೆಯದೆ ಇರಲಾರೆವು.

ಎಲ್ಲ ಬಯಕೆಯೂ ಈಡೇರಬೇಕಾದುದೆಂದು ನಮ್ಮ ವಾದವಲ್ಲ. ದೂರದರ್ಶನದ ಜಾಹೀರಾತು ನೋಡಿ ಹುಟ್ಟಿದ ಬಯಕೆಗೆ ಬೇಡವೆನ್ನುವ ಧೈರ್ಯ ತಂದೆತಾಯಿಗಳಿಗೆ ಇರಲೇಬೇಕು, ಅದರ ಕಾರಣವನ್ನು ಹೇಳುವ ತಾಳ್ಮೆಯೂ ಇರಬೇಕು. ಆದರೆ ಬೇಡವೆನ್ನುವುದಕ್ಕೂ ಮೊದಲು ಬೇಕೆಂಬುದನ್ನು ಕೇಳಿಸಿಕೊಂಡಿರಬೇಕಲ್ಲವೆ? ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಕೋರಿಕೆಗಳನ್ನು ಸಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಅಲ್ಲಿ ಜಗದ್ಗುರುಗಳಿಗಾಗಿ, ಮಳೆಗಾಗಿ, ಲೋಕಶಾಂತಿಗಾಗಿ ಕೇಳಿಕೊಳ್ಳುತ್ತೇವೆ. ಮಕ್ಕಳು ದೊಡ್ಡವರ ಕೋರಿಕೆಗಳನ್ನೇ ಒಪ್ಪಿಸುತ್ತಾರೆ. ತಮ್ಮದನ್ನು ತಮ್ಮ ಮಾತಿನಲ್ಲಿ ಹೇಳಲಿ ಎಂದು ನಮ್ಮಲ್ಲಿ ಎಷ್ಟು ಮನೆಗಳು ಬಿಟ್ಟಿವೆ? ಮನೆಯಾಕೆ ತನ್ನದೊಂದನ್ನು ಹೇಳಿದ್ದಿದೆಯೆ?

ಚಹಾದ ಬಟ್ಟಲುಗಳನ್ನು ಎತ್ತಿಕೊಂಡು ಹೋಗುತ್ತಿದ್ದ ಹುಡುಗಿ ಬಾಗಿಲಲ್ಲಿ ನಿಂತು ಇನ್ನೊಂದು ಪ್ರಶ್ನೆ ಕೇಳಿದಳು. ಈ ಸಲ ಕೇಳಿದ್ದು ನಮ್ಮನ್ನಲ್ಲ. “ಅಪ್ಪಾ, ನಾ ಬೀದರಿಗಿ ಹೋಗಿ ಪಿಯುಸಿ ಸೈನ್ಸ್ ಓದಬೇಕು ಅಂತೀನಲ್ಲ, ಅದು ಯಾವ ವಾಂಟ್?” ಆ ಮನೆಯಲ್ಲಿ ಆ ವಿಷಯ ಅದಾಗಲೇ ಒಮ್ಮೆ ಬಂದು, ಬೇಡವೆಂದು ತೀರ್ಮಾನವಾಗಿತ್ತೆಂದು ಅಲ್ಲಿದ್ದವರ ಮುಖಗಳನ್ನು ನೋಡಿದ ಮೇಲೆ ನಮಗೆ ತಿಳಿಯಿತು. ತಂದೆ ಗೋಡೆಯ ಮೇಲಿನ ತಾಯಿಯ ಚಿತ್ರವನ್ನೊಮ್ಮೆ ನೋಡಿದರು. ಆಮೇಲೆ ಹೈದರಾಬಾದಿನ ಮಗನ ಕಡೆಗೆ ತಿರುಗಿ, ಬೀದರಿನ ಹಾಸ್ಟೆಲಿಗೆ ವರ್ಷಕ್ಕೆ ಎಷ್ಟು ಬೀಳುತ್ತದೆಂದು ವಿಚಾರಿಸು ಎಂದರು.